ಹೂವಿನ ಬುಟ್ಟಿಯಾಗಿನ ರೀಲು

ಸಿಕ್ಕವು ನೋಡ್ರಿ! ನನ್ನ ಮೊಮ್ಮಗಳ ಇಪ್ಪತ್ತೆರಡು ರೀಲೂ ಸಿಕ್ಕವು, ಒಂದಕ್ಕೂ ಹನಿ ನೀರು ತಾಗಿರಲಿಲ್ಲ. ಆವತ್ತಿನದು ನೆನೆಸಿಕೊಂಡರ ಈಗಲೂ ಎದ್ದು ಕುಣೀಬೇಕು ಅನಸ್ತೈತಿ.

ಭೂಮಿಯ ದಕ್ಷಿಣದ ತುದಿಗೆ, ಬರೇ ಮಂಜುಗಡ್ಡಿ ಇರೋ ಸೀಮಿಗೆ, ಹಡಗಿನ್ಯಾಗ ಹೋಗಿ ಫೋಟೋ ಹಿಡಕೊಂಡು ಬಂದಿದ್ದಳು ಅವಳು. ಬೆಂಗಳೂರಾಗ ವಾದ್ಯದವರು ಬಾರಿಸುವಾಗ ಹಿಂದಿನ ಪರದಿ ಮ್ಯಾಲ ಆ ಚಿತ್ರ ಒಂದೊಂದಾಗಿ ಮೂಡಬೇಕಂತ. ರೀಲು ಇನ್ನೂ ತೊಳೆಸಿರಲಿಲ್ಲ; ಬೆಳಕು ತಾಗದಂಗ ಒಂದೊಂದೂ ತಗಡಿನ ಗೂಡಿನ್ಯಾಗ ಸುತ್ತಿಕೊಂಡಿತ್ತು, ಅದರ ಮ್ಯಾಲ ಪ್ಲಾಸ್ಟಿಕ್ ಡಬ್ಬಿ. ನಮ್ಮೂರು ಹಡಗಲಿಗೆ ನಮ್ಮನ್ನ ನೋಡಾಕ ಬಂದವಳು, "ಅಜ್ಜಿ, ಇವಕ್ಕ ಬಿಸಿ ತಾಗಬಾರದು. ಕೆಟ್ಟರ ನನ್ನ ಮತ್ತ ಅಲ್ಲಿಗೆ ಯಾರೂ ಕಳಸಂಗಿಲ್ಲ" ಅಂದಳು.

ಸುಡು ಬ್ಯಾಸಗಿ. ತಂಪು ಅಂದರ ನನಗ ಗೊತ್ತಿದ್ದದ್ದು ಮಲ್ಲಿಗಿ ಬುಟ್ಟಿ ಒಂದೇ. ಗಾಳಿ ಆಡದಂಗ ಮುಚ್ಚಿಟ್ಟ ಮೊಗ್ಗು ಬೆವತು ಕೆಂಪಗಾಗ್ತಾವ. ಅದಕ್ಕ ನಸುಕಿನ್ಯಾಗ ಎದ್ದು ರೀಲಿನ ಡಬ್ಬಿ ಮುಚ್ಚಳಾನೂ ತೆಗೆದೆ. ಬಾಳಿ ಎಲ್ಯಾಗ ಸುತ್ತಿ ಬುಟ್ಟಿಯಾಗಿಟ್ಟು, ಮ್ಯಾಲ ಮೊಗ್ಗು ಹರವಿ, ಹಸಿ ಅರಿವಿ ಹೊಚ್ಚಿ ಹಿತ್ತಲಕ್ಕ ಹೋದೆ. ಬರೋದ್ರಾಗ ಬುಟ್ಟಿ ಇಲ್ಲ! ಮಗ ದಿನದಂಗ ಹೂವಿನ ಬುಟ್ಟಿ ಎಲ್ಲಾ ಹಗರಿಬೊಮ್ಮನಹಳ್ಳಿ ಬಸ್ಸಿಗೆ ಹಾಕಿ ಬಂದಿದ್ದ.

ಅಲ್ಲಿ ಹೂವಿನ ಅಂಗಡಿಯವ ಅರಿವಿ ತೆಗೆದವನೇ ನೀರು ಹೊಡೀತಾನ. ಅವನ ಹತ್ರ ಫೋನೂ ಇಲ್ಲ. ಮೊಮ್ಮಗಳಿಗೆ ಹೇಳಿದೆ. ಬೈಯಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊಂಟಳು. ಬೈದಿದ್ದರ ಹಗುರ ಆಗ್ತಿತ್ತು.

ಮುಂದಿನ ಬಸ್ಸು ಹತ್ತಿದ್ವಿ. ಕೈ ತೋರಿಸಿದಲ್ಲೆಲ್ಲಾ ನಿಂತಿತು. "ಜಲ್ದಿ ಬಿಡಸಪ್ಪಾ" ಅಂದರ ಕಂಡಕ್ಟರ್, "ಯಾಕಬೇ, ಮೊಗ್ಗು ಅರಳಿಬಿಡ್ತಾವೇನು?" ಅಂದ. ಮೊಮ್ಮಗಳು ನನ್ನ ಕೈ ಹಿಡಿದಿದ್ದಳು. ಆ ಸೆಕಿಯಾಗೂ ಅವಳ ಬೆರಳು ತಣ್ಣಗಿದ್ದವು.

ಅಂಗಡಿಯವ ಉಳಿದ ಬುಟ್ಟಿಗೆಲ್ಲಾ ನೀರು ಹೊಡೆದು, ಚೊಂಬು ಹಿಡಕೊಂಡು ನಮ್ಮ ಬುಟ್ಟಿ ಮ್ಯಾಲ ಬಾಗಿದ್ದ.

"ಏ ಅಣ್ಣಾ, ನೀರು ಹಾಕಬ್ಯಾಡ!"

"ಹಾಕದಿದ್ದರ ಬಾಡ್ತಾವಲ್ಲಬೇ. ಹೂವಿನ ಕಸುಬು ನಿನಗ ನಾ ಹೇಳಿಕೊಡಬೇಕೇನು?"

"ಬಾಡಲಿ ಬಿಡೋ! ಅದರಾಗ ನನ್ನ ಕೂಸಿನ ಮಂಜುಗಡ್ಡಿ ಐತಿ!"

ಅವ ಚೊಂಬು ಕೆಳಗಿಟ್ಟು ಹಿಂದ ಸರಿದ. ಮೊಮ್ಮಗಳು ಎಲಿ ಬಿಚ್ಚಿ, ಒಂದೊಂದೇ ರೀಲು ತಿರುವಿ, ತಗಡಿನ ಮ್ಯಾಲ ಬೆರಳಾಡಿಸಿ ನೋಡಿದಳು. ಕಡೀ ರೀಲೂ ಒಣಾ ಇತ್ತು. ಅವಳು ಅಂಗಡಿ ಕಟ್ಟಿ ಮ್ಯಾಲ ಧೊಪ್ಪಂತ ಕುಂತು, "ಅಜ್ಜೀ, ಮಲ್ಲಿಗಿ ವಾಸನಿ ಹೊಡೀತಾವ!" ಅಂದಳು.

ಅವತ್ತು ಸಂಜಿಗೆ ಪಡಸಾಲ್ಯಾಗ ಎಲ್ಲರೂ ಸಾಲಾಗಿ ಕುಂತು ರೊಟ್ಟಿ, ಬದನಿಕಾಯಿ ಪಲ್ಯ ಉಂಡ್ವಿ. ರೀಲಿನ ಚೀಲ ಅವಳ ತೊಡಿ ಮ್ಯಾಲೇ ಇತ್ತು. "ಯವ್ವಾ, ನಾಳಿ ಬುಟ್ಟಿ ಒಯ್ಯೋ ಮುಂದ ಒಮ್ಮೆ ಬಿಚ್ಚಿ ನೋಡ್ಲೇನು?" ಅಂದ ಮಗ.

"ಸುಮ್ನ ಉಣ್ಣಲೇ" ಅಂದು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.