ಡೆನ್ಮಾರ್ಕ್ ಮೇಷ್ಟ್ರು

ನಮ್ಮ ಭೂಗೋಳದ ಮೇಷ್ಟ್ರ ಮೂಗಿನ ಮೇಲೆ ಸದಾ ಒಂದು ನೀಲಿ ಬೊಟ್ಟು ಇರುತ್ತಿತ್ತು. ಜಾರುವ ಕನ್ನಡಕವನ್ನು ಮೇಲೆ ತಳ್ಳುವಾಗ ಬೆರಳಿನ ಸೀಮೆಸುಣ್ಣ ಮೂಗಿಗೂ ಅಂಟುತ್ತಿತ್ತು. ಬೇರೆ ಮೇಷ್ಟ್ರುಗಳಿಗೆಲ್ಲ ಬಿಳಿ ಸೀಮೆಸುಣ್ಣ ಸಾಕು, ಇವರಿಗೆ ಮಾತ್ರ ನೀಲಿ ಬೇಕು. ಇವರು ಬರೆಯುತ್ತಿದ್ದ ದೇಶದ ಸುತ್ತಮುತ್ತ ಬರೀ ಸಮುದ್ರ. ಯಾವ ದೇಶದ ಪಾಠ ಹಿಡಿದರೂ ಪುಣ್ಯಾತ್ಮರು ಸುತ್ತಿ ಬಳಸಿ ಡೆನ್ಮಾರ್ಕಿಗೇ ಬಂದು ನಿಲ್ಲುತ್ತಿದ್ದರು.

“ನೋಡ್ರೋ, ಬೆಟ್ಟ ಇಲ್ಲ, ಚಿನ್ನದ ಗಣಿ ಇಲ್ಲ. ನಮ್ಮ ಮೈಸೂರು ರಾಜ್ಯಕ್ಕಿಂತ ಎಷ್ಟೋ ಚಿಕ್ಕದು. ಇರೋದು ಹುಲ್ಲು, ಹಸು, ಹಂದಿ. ಆದ್ರೂ ಇಂಗ್ಲೆಂಡಿನೋರು ಬ್ರೆಡ್ಡಿಗೆ ಹಚ್ಚೋ ಬೆಣ್ಣೆ ಇವರದ್ದು! ಹೆಂಗೆ, ಹೇಳಿ?”

ಹಂದಿ ಎಂದಾಗ ತರಗತಿಯೆಲ್ಲ ಕಿಸಕ್ಕನೆ ನಗುತ್ತಿತ್ತು. ಆ ನಗುವಿನ ನಡುವೆ ನಾನು ಎದ್ದು ಹೊರಡುತ್ತಿದ್ದೆ. ಹಾಗಾಗಿ ಆ ‘ಹೆಂಗೆ’ಗೆ ಉತ್ತರವೇನೆಂದು ನನಗೆ ಗೊತ್ತೇ ಇರಲಿಲ್ಲ.

ಮೇಷ್ಟ್ರು ಡೆನ್ಮಾರ್ಕ್ ನೋಡಿದ್ದರೇ? ಎಲ್ಲಿ ಬಂತು! ಯಶವಂತಪುರದ ರೈಲ್ವೆ ಸ್ಟೇಷನ್ ಹಿಂದಿನ ಮನೆಯಿಂದ ಬ್ಯಾಟರಾಯನಪುರದ ನಮ್ಮ ಶಾಲೆಗೆ ಸೈಕಲ್ ತುಳಿಯುತ್ತಿದ್ದರು. ಅಷ್ಟೇ ಅವರ ದೇಶಸಂಚಾರ.

ನಾನು ಎದ್ದು ಹೋಗುತ್ತಿದ್ದುದು ಹಾಲು ಹೊರಲು. ಅಮ್ಮ ಎಮ್ಮೆ ಕರೆದಿಡುತ್ತಿದ್ದಳು, ನಾನು ಬಿಂದಿಗೆ ಹೊತ್ತು ಹೆಬ್ಬಾಳದ ಹೋಟೆಲಿಗೆ ನಡೆಯುತ್ತಿದ್ದೆ. ನಮ್ಮ ಬೀದಿಯಲ್ಲಿ ಮನೆಗೊಬ್ಬರು ಹೀಗೆ ಅದೇ ಹೋಟೆಲಿಗೆ ಹೊರುತ್ತಿದ್ದರು. ಆ ವರ್ಷ ನಮ್ಮ ಇನ್ನೊಂದು ಎಮ್ಮೆಯೂ ಕರು ಹಾಕಿತು. “ಇನ್ ಸ್ಕೂಲು ಸಾಕು ಬಿಡು” ಎಂದಳು ಅಮ್ಮ. ನನಗೋ ಓದಿನ ಹುಚ್ಚು. ಕೊಟ್ಟಿಗೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಸುದ್ದಿ ಕೇಳಿ ಮೇಷ್ಟ್ರು ಮನೆಗೇ ಬಂದರು. ಬೀದಿಯವರೂ ಸೇರಿದರು.

“ಡೆನ್ಮಾರ್ಕಲ್ಲಿ ಊರ ಹಾಲೆಲ್ಲ ಒಟ್ಟಿಗೆ ಹೋಗುತ್ತೆ ಕಣ್ರೀ. ಗಾಡಿ ಬಂದು ಎಲ್ಲರದ್ದೂ ತಗೊಂಡು ಹೋಗುತ್ತೆ. ನೀವೂ ಸರದಿ ಮೇಲೆ ಗಾಡಿ ಹೊಡೀರಿ. ದೊಡ್ಡ ಕ್ಯಾನಿಗೆ ಎಲ್ಲರ ಹಾಲೂ ಸುರೀರಿ. ಈ ಹುಡುಗಿ ಓದ್ಲಿ.”

‘ಸುರೀರಿ’ ಅಂದಿದ್ದೇ ತಡ, ಶುರುವಾಯಿತು. “ನಮ್ಮನೆ ಗಟ್ಟಿ ಆಲು ಅವ್ರ ಮನೆ ನೀರಿಗೆ ಸೇರುಸ್ಬೇಕಾ?” “ಯಾರ್ದಮ್ಮಿ ನೀರು?” ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೂ ಆಯಿತು. ಕೊನೆಗೆ ಗಾಡಿ ಒಂದೇ, ಬಿಂದಿಗೆ ಅವರವರದೇ ಎಂದು ಒಪ್ಪಿದರು.

ಮಾರನೆಯ ದಿನ ಗಾಡಿಗೆ ಕಟ್ಟಬೇಕಿದ್ದ ಉಳುವ ಎತ್ತುಗಳು ಹೊಲದಿಂದ ಬರುವಷ್ಟರಲ್ಲಿ ಹೊತ್ತು ಮುಳುಗಿತು. ಮೇಷ್ಟ್ರು ತಾವೇ ಗಾಡಿಯಲ್ಲಿ ಕೂತು ಜಂಬದಿಂದ ಬೀದಿಗೆ ಬಂದರು. ಒಂದು ಮನೆಯಿಂದಲೂ ಹಾಲು ಆಚೆ ಬರಲಿಲ್ಲ. ಎಲ್ಲರ ಮನೆಯಲ್ಲೂ ದೀಪ ಹಚ್ಚಿಯಾಗಿತ್ತು! ಪೇಟೆಯ ಮೇಷ್ಟ್ರಿಗೆ ಅದು ಹೊಳೆದಿರಲಿಲ್ಲ; ಅವರಿಗೆ ಗೊತ್ತಿರುತ್ತದೆ ಎಂದು ನಮ್ಮವರು ಹೇಳಿರಲಿಲ್ಲ. ಹಾಲೆಲ್ಲ ಮನೆಯಲ್ಲೇ ಉಳಿಯಿತು. “ನಾಳೆಯಿಂದ ನೀನೇ ಓಗು” ಎಂದು ಅಮ್ಮ ನನ್ನ ಮೇಲೆ ಸಿಡುಕಿದಳು.

ಜಗಲಿಯಲ್ಲಿ ಕೂತಿದ್ದ ನನ್ನಜ್ಜಿ ಮೇಷ್ಟ್ರನ್ನು ತರಾಟೆಗೆ ತೆಗೆದುಕೊಂಡಳು. “ದೀಪ ಅಚ್ಚಿದ ಮ್ಯಾಕೆ ಆಲು ಆಚೆ ಕೊಟ್ರೆ ಲಕ್ಷ್ಮಿ ಒಂಟೋಯ್ತಾಳೆ. ಅಷ್ಟೂ ಗೊತ್ತಿಲ್ವಾ? ನಿಮ್ ಡೆನ್ಮಾರ್ಕ್‌ನೋರು ದೀಪ ಅಚ್ಚಾಕಿಲ್ವಾ?”

ಮೇಷ್ಟ್ರು ಕನ್ನಡಕ ತಳ್ಳಿಕೊಂಡು ಪಾಠ ಹೇಳುವ ದನಿಯಲ್ಲೇ ಅಂದರು: “ಅಲ್ಲಿ ಬೇಸಿಗೇಲಿ ರಾತ್ರಿ ಊಟದ ಹೊತ್ತಾದ್ರೂ ಬೆಳಕಿರುತ್ತೆ ಅಜ್ಜಿ.”

“ಅದ್ಕೇ ಉದ್ಧಾರ ಆಗವ್ರೆ!”

ಬೀದಿಗೆ ಬೀದಿಯೇ ನಕ್ಕಿತು, ಮೇಷ್ಟ್ರೂ ನಕ್ಕರು. ಆದರೆ ಹೊರಡಲಿಲ್ಲ, ಅಜ್ಜಿಯ ಪಕ್ಕದಲ್ಲೇ ಕೂತರು. “ನೀವೇ ಒಂದು ದಾರಿ ಹೇಳಿ. ಈ ಮಗು ಕೊನೇ ಪಾಠ ಒಂದು ದಿನಾನೂ ಪೂರ್ತಿ ಕೇಳಿಲ್ಲ.”

ಅಜ್ಜಿ ನನ್ನ ಊದಿದ ಕಣ್ಣು ನೋಡಿದಳು. ಎಲೆಅಡಿಕೆ ಉಗಿದು ಬಂದು ಅಮ್ಮನನ್ನು ಕರೆದಳು. “ನಾಳೆಯಿಂದ ದೀಪ ಅಚ್ಚೋ ಮುಂಚೆ ಬಿಂದಿಗೆ ಜಗಲಿ ಮೇಲಿಡು. ಒಸ್ಲು ದಾಟಿದ್ದು ಆಚೆ ಓದಂಗೇಯ. ಆಮ್ಯಾಕೆ ಯಾವಾಗ್ ತಗಂಡೋದ್ರೂ ಲಕ್ಷ್ಮಿಗೇನು?”

ಅಜ್ಜಿಯ ಮಾತಿಗೆ ಬೀದಿಯಲ್ಲಿ ಎದುರಿರಲಿಲ್ಲ. ಮರುದಿನ ಸಂಜೆ ಎಲ್ಲ ಜಗಲಿಗಳ ಮೇಲೂ ಒದ್ದೆ ಬಟ್ಟೆ ಮುಚ್ಚಿದ ಬಿಂದಿಗೆಗಳು ಗಾಡಿಗಾಗಿ ಕಾದವು. ಆ ಮಧ್ಯಾಹ್ನ ಮೇಷ್ಟ್ರು “ಹೆಂಗೆ, ಹೇಳಿ?” ಎಂದಾಗ ನಾನು ತರಗತಿಯಲ್ಲೇ ಇದ್ದೆ. ಎದ್ದು ನಿಂತು “ಊರ ಹಾಲೆಲ್ಲ ಒಟ್ಟಿಗೆ ಹೋಗುತ್ತೆ ಸಾರ್” ಎಂದು ಉತ್ತರ ಹೇಳಿದೆ. ನನಗಿಂತ ಅವರಿಗೇ ಖುಷಿಯಾಯಿತು.

ಆಮೇಲೆ ಯಲಹಂಕದಲ್ಲಿ ಹೈಸ್ಕೂಲು, ಟ್ರೇನಿಂಗು, ಭೂಗೋಳದ ಟೀಚರ್ ಕೆಲಸ. ಮೊದಲ ದಿನ ಅವರಿಗೆ ನಮಸ್ಕಾರ ಮಾಡಲು ಹೋದರೆ ಕೈಗೆ ನೀಲಿ ಸೀಮೆಸುಣ್ಣ ಇಟ್ಟು, “ಸಮುದ್ರ ಧಾರಾಳವಾಗಿ ಬಳಿ ಕಣಮ್ಮ” ಎಂದರು.

ಕೆಲವು ವರ್ಷಗಳಲ್ಲೇ ಮೇಷ್ಟ್ರು ಹೋಗಿಬಿಟ್ಟರು. ಸಮಾಧಿಗೆ ಹಾಲೆರೆಯುವ ಮೂರನೆಯ ದಿನದ ಹಾಲುತುಪ್ಪಕ್ಕೆ ನಮ್ಮ ಬೀದಿಯವರು ಅದೇ ಗಾಡಿಯಲ್ಲಿ ಹೋದೆವು. ಅಭ್ಯಾಸದಂತೆ ಮನೆಮನೆಯವರೂ ತಮ್ಮ ತಮ್ಮ ಚೊಂಬಿನಲ್ಲೇ ಹಾಲು ತಂದಿದ್ದರು. ಮಣ್ಣಿನ ಹತ್ತಿರ ಮೇಷ್ಟ್ರ ಮಗ ಒಂದು ಪಾತ್ರೆ ಹಿಡಿದು ನಿಂತಿದ್ದ. ಬೆನ್ನು ಬಾಗಿದ ಅಜ್ಜಿ ಮೊದಲು ತನ್ನ ಚೊಂಬು ಅದಕ್ಕೆ ಬಗ್ಗಿಸಿ, “ಎಲ್ರೂ ಇದ್ಕೇ ಉಯ್ಯಿರಿ” ಎಂದಳು. ಒಬ್ಬರಾದ ಮೇಲೆ ಒಬ್ಬರು ಹುಯ್ದರು. ಯಾರದು ಗಟ್ಟಿ, ಯಾರದು ನೀರು ಎಂದು ಒಬ್ಬರೂ ಕೇಳಲಿಲ್ಲ. ನಾನು ಅಳು ತಡೆಯಲಾರದೆ ನಿಂತಿದ್ದೆ.

ಮಾರನೆಯ ಸಂಜೆ ನಮ್ಮ ಬೀದಿಗೆ ಬಂದ ಗಾಡಿಯಲ್ಲಿ ಒಂದು ದೊಡ್ಡ ಕ್ಯಾನ್ ಕೂತಿತ್ತು.