ನಾಲ್ಕು ಮುಚ್ಚಳ ಔಷಧಿ

ಹೊಸನಗರದ ಮಂಜುನಾಥಪ್ಪನವರಿಗೆ ಅನುಮಾನ ಹುಟ್ಟಿನಿಂದ ಬಂದದ್ದಲ್ಲ, ಸಂಬಳಕ್ಕೆ ಕಲಿತದ್ದು. ಸಾಗರ, ಹೊಸನಗರ, ತೀರ್ಥಹಳ್ಳಿ ಲೈನಿನ ಖಾಸಗಿ ಬಸ್ಸುಗಳಲ್ಲಿ ಇಪ್ಪತ್ತೇಳು ವರ್ಷ ಚೆಕಿಂಗ್ ಮಾಡಿದ ಮನುಷ್ಯ. ಕಂಡಕ್ಟರನ್ನು ನಂಬಬಾರದು, ಕಣ್ಣು ಮುಚ್ಚಿ ಕೂತ ಪ್ರಯಾಣಿಕನನ್ನಂತೂ ನಂಬಲೇಬಾರದು, ಅದೇ ಅವರ ಕೆಲಸವಾಗಿತ್ತು. ನಿವೃತ್ತಿಯ ದಿನ ಯೂನಿಫಾರ್ಮು ವಾಪಸ್ ಕೊಟ್ಟರು, ಅನುಮಾನವನ್ನು ಮನೆಗೆ ತಂದರು. ಯಾರಾದರೂ ಜೇನುತುಪ್ಪ ಕೊಟ್ಟರೆ ಅದಕ್ಕೆ ಬೆಂಕಿಕಡ್ಡಿ ಅದ್ದಿ ಗೀರಿ ನೋಡಬೇಕು, ಹತ್ತಿಕೊಂಡರೇ ಥ್ಯಾಂಕ್ಸ್. "ನಾನು ಬಡಿಸಿದ ಸಾರನ್ನೂ ಮೂಸಿ ನೋಡ್ತಾರೆ ಕಣೇ," ಎಂದು ಹೆಂಡತಿ ಪುಷ್ಪಮ್ಮ ಸಂಘದ ಹೆಂಗಸರಿಗೆ ಹೇಳಿ ನಗುತ್ತಿದ್ದರು. ನಗದೆ ಇನ್ನೇನು ಮಾಡುವುದು, ಪಾಪ.

ನಾಯಿ ಸಿಕ್ಕಿದ್ದೂ ಅನುಮಾನದಿಂದಲೇ. ಕೆಲಸದ ಕೊನೆಯ ವರ್ಷ ಬಟ್ಟೆಮಲ್ಲಪ್ಪ ಸ್ಟಾಪು ದಾಟಿದ ಮೇಲೆ ಸೀಟಿನ ಕೆಳಗೊಂದು ಬ್ಯಾಗು ಅಲ್ಲಾಡಿತು. "ಇದಕ್ಕೆ ಲಗೇಜ್ ಟಿಕೆಟ್ ಎಲ್ಲಿ?" ಎಂದು ಇವರು ಕೇಳಿದರೆ, ಪಕ್ಕದಲ್ಲಿದ್ದ ಟೂರಿಸ್ಟ್ ಹುಡುಗ ನನ್ನದಲ್ಲ ಎಂದು ಮುಂದಿನ ಸ್ಟಾಪಿನಲ್ಲಿ ಇಳಿದೇಬಿಟ್ಟ. ಒಳಗಿದ್ದದ್ದು ಅಂಗೈಯಗಲದ ಬಿಳಿ ಮರಿ, ಒಂದು ಕಿವಿ ಮಾತ್ರ ಕಂದು. ಹೊರಗೆ ತೆಗೆದ ಕೂಡಲೇ ಚೆಕಿಂಗ್ ಇನ್‌ಸ್ಪೆಕ್ಟರರ ಬೆರಳನ್ನೇ ಕಚ್ಚಿತು. ವಾರಸುದಾರರು ಯಾರೂ ಬರಲಿಲ್ಲ. ಮರಿ ಮನೆ ಸೇರಿತು, ಹೆಸರು ಲಗೇಜು ಎಂದೇ ಆಯಿತು.

"ಇದು ಜ್ಯಾಕ್ ರಸೆಲ್ ಟೆರಿಯರ್ ಸಾರ್," ಎಂದಿದ್ದರು ಪಶು ಆಸ್ಪತ್ರೆಯ ಡಾಕ್ಟರ್ ಶ್ರಾವ್ಯಾ. "ಗಾತ್ರ ನೋಡಿ ಮೋಸ ಹೋಗ್ಬೇಡಿ. ಬಿಲದಲ್ಲಿರೋ ಪ್ರಾಣಿ ಹಿಡಿಯೋಕೆ ಬೆಳೆಸಿದ ಜಾತಿ. ದಿನಾ ಎರಡು ಸಲ ಓಡಾಡಿಸಿ. ಇಲ್ಲಾಂದ್ರೆ ಮನೆ ಅಗೆದುಹಾಕುತ್ತೆ."

ಅಗೆಯಿತು. ತುಳಸಿಕಟ್ಟೆಯ ಬುಡ, ಕೊಟ್ಟಿಗೆಯ ಮೂಲೆ, ಕೊನೆಗೆ ಪಕ್ಕದ ಮನೆ ವರದಮ್ಮನ ಬೇಲಿಯ ಬುಡ. ಬೇಲಿಯ ಆಚೆ ಅವರ ಕೋಳಿಗೂಡು. ಇಲಿ ಕಂಡರೆ ಬಿಡದು, ಹೆಗ್ಗಣ ತನಗಿಂತ ದಪ್ಪವಿದ್ದರೂ ಹೆದರದು, ಕರೆದರೆ ಮನಸ್ಸಿದ್ದರೆ ಮಾತ್ರ ಬರುತ್ತದೆ. ಗೇಟಿಗೆ ಯಾರು ಬಂದರೂ ಅವರ ಮೇಲೆ ಅದಕ್ಕೆ ಸಂಶಯ. ಮಂಜುನಾಥಪ್ಪನವರಿಗೆ ಅದರ ಮೇಲೆ ಎಷ್ಟು ಪ್ರೀತಿಯೆಂದರೆ, ಲೋಕದಲ್ಲಿ ಅವರು ಪರೀಕ್ಷೆ ಮಾಡದೆ ನಂಬಿದ ಜೀವ ಅದೊಂದೇ.

ಫೆಬ್ರವರಿಯಲ್ಲಿ ವರದಮ್ಮನ ಹೇಂಟೆಯೊಂದು ಪುಕ್ಕ ಕಳೆದುಕೊಂಡು ಓಡಿತು. ವರದಮ್ಮ ಬೇಲಿಯ ಹತ್ತಿರ ನಿಂತು, "ಇನ್ನೊಂದ್ಸಲ ಬಂದ್ರೆ ಎಂತಾದ್ರೂ ಹಾಕಿ ಮಲಗಿಸ್ತೀನಿ ನೋಡಿ," ಎಂದು ಬೈದರು. ಸಿಟ್ಟಿನಲ್ಲಿ ಯಾರು ತಾನೇ ಇಂಥ ಮಾತು ಆಡುವುದಿಲ್ಲ? ಇವರು ಮಾತ್ರ ಅದನ್ನು ದಿನಾಂಕ ಸಮೇತ ನೆನಪಿಟ್ಟುಕೊಂಡರು.

ಅದು ಮಂಗನ ಕಾಯಿಲೆಯ ಹೆದರಿಕೆಯ ಕಾಲ. ರಕ್ತ ಹೀರುವ ಉಣುಗಿನಿಂದ ಬರುವ ರೋಗವಾದ್ದರಿಂದ, ಕಾಡಿಗೆ ಹೋಗಿ ಬಂದ ದನ ನಾಯಿಗಳ ಮೈ ನೋಡಿಕೊಳ್ಳಿ ಎಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳಿ ಹೋದಳು. ಲಗೇಜಿನ ಕಿವಿಯ ಹಿಂದೆ ನಾಲ್ಕೈದು ಉಣುಗು ಕಚ್ಚಿಕೊಂಡಿದ್ದವು. ಡಾಕ್ಟರು ತೂಕ ನೋಡಿ ಬೆನ್ನಿಗೆ ಬಿಡುವ ಔಷಧಿಯ ಪುಟ್ಟ ಟ್ಯೂಬು ಬರೆದುಕೊಟ್ಟರು. ಅಷ್ಟು ಚಿಕ್ಕದಕ್ಕೆ ಅಷ್ಟು ರೇಟೇ, ಇದರಲ್ಲಿ ಕಂಪನಿಯವರದ್ದೂ ಡಾಕ್ಟರದ್ದೂ ಏನೋ ಒಳವ್ಯವಹಾರ ಇರಬೇಕು ಎಂದು ಇವರಿಗೆ ಹೊಳೆಯಿತು. ಚೀಟಿ ಜೇಬಿನಲ್ಲೇ ಉಳಿಯಿತು.

ಕೊಟ್ಟಿಗೆಯಲ್ಲಿ ದನಕ್ಕೆ ಹಾಕುವ ಉಣುಗಿನ ಔಷಧಿ ಇತ್ತಲ್ಲ. ಬಕೆಟ್ ನೀರಿಗೆ ಒಂದು ಮುಚ್ಚಳ ಎಂದು ಬಾಟಲಿಯ ಮೇಲೆ ಬರೆದಿತ್ತು. ಅಂಗಡಿಯವನು ಅರ್ಧಕ್ಕರ್ಧ ನೀರು ಬೆರೆಸಿರುತ್ತಾನೆ ಎಂಬುದರಲ್ಲಿ ಮಂಜುನಾಥಪ್ಪನವರಿಗೆ ಸಂಶಯವೇ ಇರಲಿಲ್ಲ. ಸೀಲು ಗಟ್ಟಿಯಾಗಿದ್ದರೇನಂತೆ, ಸೀಲು ಹಾಕುವವರೂ ಮನುಷ್ಯರೇ ತಾನೆ. ಶನಿವಾರ ಬೆಳಿಗ್ಗೆ ಏಳಕ್ಕೆ ಅರ್ಧ ಬಕೆಟ್ ನೀರಿಗೆ ನಾಲ್ಕು ಮುಚ್ಚಳ ಸುರಿದು, ಒದ್ದಾಡುವ ನಾಯಿಯನ್ನು ಹಿಡಿದು ಚೆನ್ನಾಗಿ ತೋಯಿಸಿದರು. ನಾಯಿ ಮೈ ನೆಕ್ಕಿಕೊಳ್ಳುತ್ತ ಬಿಸಿಲಿಗೆ ಹೋಯಿತು. ಪುಷ್ಪಮ್ಮ ಸಂಘದ ಮೀಟಿಂಗಿಗೆ ಹೋದರು. ಇವರ ಮಟ್ಟಿಗೆ ಅದು ಸ್ನಾನ, ಮುಗಿಯಿತು.

ಹತ್ತು ಗಂಟೆಗೆ ನೋಡಿದರೆ ಲಗೇಜು ವರದಮ್ಮನ ಬೇಲಿಯ ಬುಡದಲ್ಲಿ ಅಡ್ಡಬಿದ್ದಿತ್ತು. ಎತ್ತಿದರೆ ಕತ್ತು ನಿಲ್ಲಲಿಲ್ಲ, ಹೆಸರು ಕೂಗಿದರೆ ಕಣ್ಣು ತಿರುಗಲಿಲ್ಲ. ಮಂಜುನಾಥಪ್ಪನವರು ಕೂಗಿಕೊಂಡರು. ಬೇಲಿಯ ಬುಡ ಬೇರೆ. ಇನ್ನೇನು ಸಾಕ್ಷಿ ಬೇಕು?

ಕೂಗು ಕೇಳಿ ಓಡಿ ಬಂದವರು ವರದಮ್ಮನೇ. ನಾಯಿಯನ್ನು ತಮ್ಮ ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ರಸ್ತೆಗೆ ನಡೆದರು. ಇವಳೇಕೆ ಬರುತ್ತಾಳೆ, ಡಾಕ್ಟರ ಹತ್ತಿರ ಕಥೆ ತಿರುಗಿಸಲಿಕ್ಕೇ ಇರಬೇಕು ಎಂದುಕೊಂಡರು ಇವರು. ದಾರಿಯಲ್ಲಿ ಸಿಕ್ಕ ಆಟೋ ಹತ್ತಿ ಆಸ್ಪತ್ರೆಯ ಹತ್ತಿರದ ಆಟೋ ಸ್ಟ್ಯಾಂಡಿನಲ್ಲಿ ಇಳಿದರು. ಅಲ್ಲಿದ್ದ ಡ್ರೈವರ್ ರಾಜೇಂದ್ರ, "ಎಂತ ಆಯ್ತು ಸಾರ್?" ಎಂದಾಗ ಐದಾರು ಜನ ಕೇಳುವಂತೆ ಹೇಳಿಯೇಬಿಟ್ಟರು: "ವಿಷ ಹಾಕಿದಾರೆ. ಇವ್ರೇ ಹಾಕಿದ್ದು. ಹಾಕ್ತೀನಿ ಅಂತ ಮೊದ್ಲೇ ಹೇಳಿದ್ರು."

ವರದಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. "ಬೇಗ ಬನ್ನಿ," ಎಂದರು, ಅಷ್ಟೇ.

ಡಾಕ್ಟರ್ ಶ್ರಾವ್ಯಾ ನಾಯಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು. "ಹೃದಯದ ಬಡಿತ ತೀರಾ ನಿಧಾನ ಇದೆ. ಎಂತ ತಿಂದಿದೆ?"

"ಕೋಳಿಗೂಡಿಗೆ ಹೊಡೆಯೋ ವಿಷ. ಇವ್ರನ್ನೇ ಕೇಳಿ."

ವರದಮ್ಮ ತಲೆ ಎತ್ತಲಿಲ್ಲ. "ನಾನು ಎಂತದೂ ಹಾಕಿಲ್ಲ ಡಾಕ್ಟ್ರೇ."

ಡಾಕ್ಟರು ಟೇಬಲಿನ ಮೇಲೆ ಎರಡು ಔಷಧಿ ಇಟ್ಟರು. "ಸಾರ್, ಕೇಳಿ. ಆ ಥರದ ವಿಷ ಹೊಟ್ಟೆಗೆ ಹೋಗಿದ್ರೆ ಇದು. ಉಣುಗಿನ ಔಷಧಿ ಮೈಗೆ ಜಾಸ್ತಿ ಆಗಿದ್ರೆ ಅದು. ನನಗೆ ಇದರ ಮೈಯಿಂದ ಎಂತದೋ ವಾಸನೆ ಬರ್ತಿದೆ. ಒಂದರ ಬದಲು ಇನ್ನೊಂದು ಕೊಟ್ರೆ ನಾಯಿ ಹೋಗುತ್ತೆ. ಇವತ್ತು ಇದಕ್ಕೆ ಎಂತದಾದ್ರೂ ಹಚ್ಚಿದ್ರಾ?"

ಆ ಕ್ಷಣದಲ್ಲಿ ಮಂಜುನಾಥಪ್ಪನವರಿಗೆ ಬೆಳಗಿನ ಬಕೆಟ್ಟು ಕಣ್ಮುಂದೆ ಬಂತು. ಇಲ್ಲ ಎಂದರೆ ಮಾನ ಉಳಿಯುತ್ತದೆ. ಟವೆಲಿನೊಳಗೆ ಆ ಕಂದು ಕಿವಿ ಸೋತು ಮಡಚಿಕೊಂಡಿತ್ತು.

"ದನದ ಔಷಧಿ," ಎಂದರು. "ನಾಲ್ಕು ಮುಚ್ಚಳ. ಬೆಳಿಗ್ಗೆ ಏಳಕ್ಕೆ. ನಾನೇ ಹಾಕಿದ್ದು."

ಡಾಕ್ಟರು ಬೈಯಲು ಸಮಯ ವ್ಯರ್ಥ ಮಾಡಲಿಲ್ಲ. ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು, ಸೋಪು ಹಚ್ಚಿ ಬೆಚ್ಚಗಿನ ನೀರಿನಲ್ಲಿ ಮೂರು ಸಲ ತೊಳೆಸಿದರು. ತೊಳೆದವರು ವರದಮ್ಮ. ಇವರು ನೀರು ಹೊತ್ತು ತಂದರು. ಮಧ್ಯಾಹ್ನದ ಹೊತ್ತಿಗೆ ಲಗೇಜು ತಲೆ ಎತ್ತಿ, ಡ್ರಿಪ್ಪಿನ ನಳಿಗೆಯ ಕಡೆ ನೋಡಿ ಗುರ್ ಎಂದಿತು. "ಉಳೀತು," ಎಂದರು ಡಾಕ್ಟರು.

ಮಂಜುನಾಥಪ್ಪ ಗೋಡೆಗೆ ಮುಖ ಮಾಡಿ ಅತ್ತರು. ಆಮೇಲೆ ತಿರುಗಿ, "ತಪ್ಪಾಯ್ತು ವರದಮ್ಮ," ಎಂದರು.

"ನನ್ನ ಹತ್ರ ಹೇಳಿ ಎಂತ ಪ್ರಯೋಜನ? ನನಗೆ ಗೊತ್ತೇ ಇತ್ತಲ್ಲ, ನಾನು ಹಾಕಿಲ್ಲ ಅಂತ," ಎಂದರು ವರದಮ್ಮ. "ಸ್ಟ್ಯಾಂಡಲ್ಲಿ ಹೇಳಿದ್ರಲ್ಲ, ಅಲ್ಲಿ ಹೋಗಿ ಹೇಳಿ."

ಸ್ಟ್ಯಾಂಡು ಆಸ್ಪತ್ರೆಯ ಎದುರಿಗೇ. ಮಂಜುನಾಥಪ್ಪ ಹೋದರು. ಬೆಳಗಿನ ಐದಾರು ಜನ ಈಗ ಹತ್ತಾಗಿದ್ದರು. ಅಷ್ಟರಲ್ಲಾಗಲೇ ಸುದ್ದಿ ಮೀನು ಮಾರ್ಕೆಟ್ಟು ಮುಟ್ಟಿತ್ತು. "ರಾಜೇಂದ್ರ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ವರದಮ್ಮ ಎಂತದೂ ಹಾಕಿಲ್ಲ. ನಾನೇ ದನದ ಔಷಧಿ ಹಾಕಿ ಕೆಡಿಸಿದ್ದು."

ರಾಜೇಂದ್ರ ಇವರ ಕೆಂಪು ಕಣ್ಣು ನೋಡಿದ, ಆಸ್ಪತ್ರೆಯ ಕಡೆ ನೋಡಿದ. ಹತ್ತಿರ ಬಂದು ದನಿ ತಗ್ಗಿಸಿದ. "ಅವ್ರು ಕೇಸು ಗೀಸು ಅಂತ ಹೆದರಿಸಿದ್ರಾ ಸಾರ್?"

"ಇಲ್ಲ ಮಾರಾಯ, ನಿಜವಾಗ್ಲೂ ನಾನೇ."

"ಬಿಡಿ ಸಾರ್, ಅಕ್ಕಪಕ್ಕ ಬದುಕ್ಬೇಕಲ್ಲ. ನಮಗೆ ಗೊತ್ತಾಗುತ್ತೆ," ಎಂದ ರಾಜೇಂದ್ರ. ಉಳಿದವರೂ ಗೊತ್ತಾದವರಂತೆ ತಲೆಯಾಡಿಸಿದರು. ಮಂಜುನಾಥಪ್ಪ ಇನ್ನೊಮ್ಮೆ ಹೇಳಿದರು, ಮತ್ತೊಮ್ಮೆ ಹೇಳಿದರು, ಆಣೆ ಹಾಕಿದರು. ಆಣೆ ಹಾಕಿದ್ದೇ ತಡ, ಕೇಳುವವರ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಒದ್ದೆ ನಾಯಿಯನ್ನು ಎತ್ತಿಕೊಂಡು ನಿಂತಿದ್ದ ವರದಮ್ಮನಿಗೆ ಅಷ್ಟೂ ಕೇಳಿಸುತ್ತಿತ್ತು.