ಮಕ್ಕಳ ಪಾಲು

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಅರಿಶಿನ. ಅದೇ ಕೈಯ ಹಿಂಬದಿಯಲ್ಲಿ, ಕಾವಿಗೆ ಕೂತ ಕೋಳಿಗಳು ಕುಕ್ಕಿದ ಸಣ್ಣ ಸಣ್ಣ ಕಲೆಗಳು. ಬಟವಾಡಿ ಬಡಾವಣೆಯ ನಮ್ಮ ಮನೆಗೆ ಬಂದವರು ಯಾರಾದರೂ "ಏನವ್ವ ಇದು, ಸಿಡುಬಾ?" ಎಂದು ಕೇಳಿದರೆ, "ಇಲ್ಲ, ನಮ್ಮೆಣ್ಮಕ್ಳು ಮುತ್ತಿಟ್ಟಿದ್ದು" ಎನ್ನುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಗುಬ್ಬಿ ಕಡೆಯ ಊರು ಬಿಟ್ಟು ಮಗನ ಮನೆಗೆ ಬಂದಾಗ ಅವರು ತಂದದ್ದು ಒಂದು ಟ್ರಂಕು ಮತ್ತು ಒಂದು ಮಂಕರಿ ತುಂಬ ಕೋಳಿ. ಕಂಡಕ್ಟರು ಕೋಳಿಗೂ ಟಿಕೆಟ್ ಕೇಳಿದನಂತೆ. "ಹಂಗಾರೆ ಅವುಕ್ಕೂ ಸೀಟ್ ಕೊಡಪ್ಪ" ಎಂದರಂತೆ. ಅದು ತೊಂಬತ್ತರ ದಶಕ. ನನ್ನ ಗಂಡನಿಗೆ ಅಲ್ಲೇ ಹತ್ತಿರದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಕೆಲಸ. ನಮ್ಮ ಬೀದಿಯ ತುದಿಯಲ್ಲಿ ಬಾಯ್ಲರ್ ಕೋಳಿಯ ಅಂಗಡಿ ಆಗಲೇ ಬಂದಿತ್ತು, ಅತ್ತೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮೊಟ್ಟೆ ಕಡಿಮೆಯಾದ ಕೋಳಿಯನ್ನು ಅವರು ಮಾರುತ್ತಿರಲಿಲ್ಲ. "ಇದ್ರ ಮೊಟ್ಟೆ ತಿಂದೋರು ನಾವು, ಇದ್ನೂ ನಾವೇ ತಿನ್ಬೇಕು. ಕಂಡೋರ ಕತ್ತೀಗೆ ಕೊಡಾದಲ್ಲ." ಮುದಿ ಕೋಳಿ ಎಂದೂ ಅನ್ನುತ್ತಿರಲಿಲ್ಲ, 'ಬಾಳಿದ್ ಕೋಳಿ' ಅನ್ನುತ್ತಿದ್ದರು. ಪುಕ್ಕ ಕಿತ್ತು, ಅರಿಶಿನ ಸವರಿ, ಒಣಗಿದ ತೆಂಗಿನ ಗರಿಯ ಉರಿಯಲ್ಲಿ ತಿರುತಿರುಗಿಸಿ ಸುಟ್ಟು, ಹಿತ್ತಲ ಒಲೆಯ ಮೇಲೆ ಮಡಕೆಯಲ್ಲಿ ಬೆಳಿಗ್ಗೆ ಇಟ್ಟರೆ ಬೇಯುವುದು ಮಧ್ಯಾಹ್ನದ ಊಟದ ಹೊತ್ತಿಗೆ. ಒಮ್ಮೆ ನಾನು ಕುಕ್ಕರ್ ತಂದಿಟ್ಟೆ. "ಸೀಟಿ ಹೊಡುದ್ರೆ ಬೇಯೋ ವಯಸ್ಸಾ ಇದ್ರುದ್ದು? ಎತ್ತಿಡು" ಎಂದರು. ಅತ್ತೆ ಒಂದು ಸಲ ಮನಸ್ಸು ಮಾಡಿದರೆ ಮುಗಿಯಿತು. ಮಗನ ಮಾತೇ ನಡೆಯುತ್ತಿರಲಿಲ್ಲ, ನನ್ನ ಕುಕ್ಕರ್ ಯಾವ ಲೆಕ್ಕ!

ಮೊಟ್ಟೆ ಕೋಳಿಯನ್ನು ಕೊಯ್ದರೆ, ಇಡದೆ ಒಳಗೇ ಉಳಿದ ಮೊಟ್ಟೆಗಳು ಸಿಗುತ್ತವೆ. ಚಿಪ್ಪಿಲ್ಲದ ಹಳದಿ ಉಂಡೆಗಳ ಗೊಂಚಲು, ಗೋಲಿಯಷ್ಟು ದೊಡ್ಡದರಿಂದ ಸಾಸಿವೆಯಷ್ಟು ಸಣ್ಣದರವರೆಗೆ. ಅತ್ತೆಯ ಮನೆತನದಲ್ಲಿ ಅದು 'ಮಕ್ಳ ಪಾಲು', ದೊಡ್ಡವರು ಮುಟ್ಟುವಂತಿಲ್ಲ. ನನಗೆ ಮದುವೆಯಾಗಿ ಏಳೆಂಟು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹಾಗಾಗಿ ಅತ್ತೆ ಅದನ್ನು ಪಕ್ಕದ ಮನೆಯ ಹುಡುಗರಿಗೆ ಬಟ್ಟಲಲ್ಲಿ ಕಳಿಸುತ್ತಿದ್ದರು. ಕೊಟ್ಟು ಬರುತ್ತಿದ್ದವಳು ನಾನು. ನನಗೇನೂ ಅನ್ನಿಸುತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಒಂದು ದಿನ ಕುಣಿಗಲ್‌ನಿಂದ ಅತ್ತೆಯ ನಾದಿನಿ ಬಂದರು, ನನ್ನ ಗಂಡನಿಗೆ ಸೋದರತ್ತೆ. ಹಿತ್ತಲಲ್ಲಿ ಕೋಳಿ ಬೇಯುತ್ತಿತ್ತು. ನಾನು ಒಳಗೆ ಮುದ್ದೆ ತಿರುವುತ್ತಿದ್ದೆ. ಕಿಟಕಿಯಾಚೆಯಿಂದ ನಾದಿನಿಯ ಮಾತು ಕಿವಿಗೆ ಬಿತ್ತು.

"ಅತ್ಗೆ, ನಮ್ಮೂರಲ್ಲಿ ಒಂದು ಹೆಣ್ಣೈತೆ. ನಮ್ಮ್ ಹುಡುಗುಂಗೆ ಇನ್ನೊಂದು ಮದ್ವೆ ಮಾಡ್ಬುಡು. ಗೊಡ್ಡು ಕೋಳಿಗೆ ಇನ್ನೆಷ್ಟ್ ದಿನ ಕಾಳಾಕ್ತೀಯಾ?"

ಕೋಲು ಹಿಡಿದ ಕೈ ಹಾಗೇ ನಿಂತಿತು. ಮುದ್ದೆ ತಳ ಹಿಡಿಯಿತು. ಗಂಡ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿದ್ದಿದ್ದರೂ ಕೊನೆಯ ಮಾತು ಅತ್ತೆಯದೇ. ಆ ಅತ್ತೆ ಮಡಕೆಯ ಮುಚ್ಚಳ ಎತ್ತಿ ಸೌಟು ಆಡಿಸಿದ ಸದ್ದು ಕೇಳಿತು. ಮಾತಿಗೆ ಮಾತು ಬಿಡದವರು ನಾದಿನಿಯನ್ನು ಬಯ್ಯಲೂ ಇಲ್ಲವಲ್ಲ ಎಂದು ನನಗೆ ಹೆದರಿಕೆಯಾಯಿತು. "ಊಟಕ್ಕೇಳವ್ವ" ಎಂದರು, ಅಷ್ಟೇ.

ಮೂವರೂ ಕೂತೆವು, ಬಡಿಸಿದ್ದು ಅತ್ತೆ. ನಾದಿನಿಯ ತಟ್ಟೆಗೆ ಮುದ್ದೆ, ಪಕ್ಕದಲ್ಲಿ ಬರೀ ಸಾರು. ಅವರು ಕಾದರು, ಸಾರಿನಲ್ಲಿ ಬೆರಳಾಡಿಸಿ ನೋಡಿದರು.

"ತುಂಡೇ ಇಲ್ವಲ್ಲ ಅತ್ಗೆ?"

"ಗೊಡ್ಡು ಅಂತ ನೀನೇ ಅಂದ್ಯಲ್ಲವ್ವ. ಅದ್ಕೇ ಗೊಡ್ಡು ಸಾರು."

ಆಮೇಲೆ ಅತ್ತೆ ಮಡಕೆಯ ತಳಕ್ಕೆ ಸೌಟು ಬಿಟ್ಟು ಹಳದಿ ಗೊಂಚಲನ್ನು ಎತ್ತಿದರು. ಪಕ್ಕದ ಮನೆಯ ಬಟ್ಟಲಿಗೆ ಹಾಕಲಿಲ್ಲ, ನನ್ನ ತಟ್ಟೆಗೆ ಹಾಕಿದರು.

"ಅತ್ತೆ, ಅದು ಮಕ್ಳ ಪಾಲು" ಎಂದೆ.

"ಗೊತ್ತು ಕಣೇ. ಈ ಮನೆ ಮಗು ನೀನೇಯ. ಬಾಯ್ ಮುಚ್ಕಂಡು ತಿನ್ನು."

ತಿಂದೆ. ಕಣ್ಣೀರು ಸಾರಿನ ಖಾರಕ್ಕೆ ಬಂದದ್ದೆಂದು ನಾದಿನಿ ತಿಳಿದುಕೊಂಡಿರಬೇಕು. ಅವರಿಗೂ ಆಮೇಲೆ ಕಾಲಿನ ತುಂಡೇ ಬಿತ್ತು, ಮನೆಗೆ ಬಂದವರನ್ನು ಅರೆಹೊಟ್ಟೆಯಲ್ಲಿ ಕಳಿಸುವ ಹೆಂಗಸಲ್ಲ ನಮ್ಮತ್ತೆ. ಆದರೆ ಕುಣಿಗಲ್ ಹೆಣ್ಣಿನ ಸುದ್ದಿ ನಮ್ಮ ಮನೆಯಲ್ಲಿ ಮತ್ತೆ ಏಳಲಿಲ್ಲ. ಹಳದಿ ಉಂಡೆಯ ಬಟ್ಟಲೂ ಪಕ್ಕದ ಮನೆಗೆ ಹೋಗಲಿಲ್ಲ. ಹುಡುಗರು ಬಂದು ಕೇಳಿದರೆ, "ನಮ್ಮನೇಲೂ ಮಗು ಐತೆ ಕಣ್ರಲಾ, ಬ್ಯಾರೆ ತುಂಡು ಕೊಡ್ತೀನಿ ಬರ್ರಿ" ಎನ್ನುತ್ತಿದ್ದರು.

ನಮಗೆ ಮಕ್ಕಳಾಗಲೇ ಇಲ್ಲ. ಆ ಮನೆಯಲ್ಲಿ ನಾನು ತಲೆಯೆತ್ತಿ ಬಾಳಿದ್ದು ಅತ್ತೆಯಿಂದ, ಆ ಋಣ ತೀರುವಂಥದ್ದಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರ ಹಲ್ಲು ಹೋದವು, ಬರಬರುತ್ತಾ ಹಸಿವೂ ಹೋಯಿತು. ಡಾಕ್ಟರು ಗಂಜಿ ಸಾಕು ಎಂದರು. ನಾನು ಹಿತ್ತಲ ಒಲೆ ಹಚ್ಚಿ, ಬೆಳಿಗ್ಗೆಯೇ ಒಂದು ಬಾಳಿದ ಕೋಳಿಯನ್ನು ಮಡಕೆಗೆ ಹಾಕಿದೆ. ಅದಾದ ಕೆಲವೇ ದಿನಕ್ಕೆ ಅವರು ತೀರಿಕೊಂಡರು. ರುಚಿ ನೋಡಿ ತಿಂದ ಊಟ ಅದೇ ಕೊನೆ.

ಆ ದಿನ ಹಳದಿ ಉಂಡೆಗಳನ್ನು ಮೆತ್ತಗೆ ಕಿವುಚಿ, ಸಾರಿನಲ್ಲಿ ಕಲಸಿ, ಬಾಯ ಹತ್ತಿರ ಹಿಡಿದೆ. ಅತ್ತೆ ಮುಖ ತಿರುಗಿಸಿದರು.

"ಅದು ಮಕ್ಳ ಪಾಲು ಕಣೇ."

"ಗೊತ್ತು ಅತ್ತೆ" ಎಂದೆ. "ಬಾಯಿ ತೆಗೀರಿ."